ಮಿಕ್ಕವಳ ಎಲೆ

ನಮ್ಮೂರಿನಲ್ಲಿ ಯಾರ ಸೊಸೆಗಾದರೂ ಏಳು ತಿಂಗಳು ತುಂಬಿತೆಂದರೆ ಅವಳ ಅತ್ತೆ ಮೂಸಂಬಿ ಕಟ್ಟಿಕೊಂಡು ಊರಿನ ಕಾಯಿಲೆ ಮುದುಕರ ಮನೆಗಳಿಗೆ ಹೋಗಿ ಬರಲು ಶುರು ಮಾಡುತ್ತಾಳೆ. "ಹೆಂಗಿದೀರಿ ತಾತ? ಕೆಮ್ಮು ಹೆಂಗಿದೆ?" ಎಂದು ಬಹಳ ಅಕ್ಕರೆಯಿಂದ ಕೇಳುತ್ತಾಳೆ. ಮುದುಕರೇನು ದಡ್ಡರಲ್ಲ. "ನಾನಿನ್ನೂ ಗಟ್ಟಿ ಕಣವ್ವ, ಹಿಂದಿನ ಬೀದೀಲಿ ಕೇಳಿ ನೋಡು" ಎಂದು ಹೇಳಿ, ಮೂಸಂಬಿಯನ್ನು ಮಾತ್ರ ಇಸಿದುಕೊಂಡು ಕಳಿಸುತ್ತಾರೆ.

ನಮ್ಮೂರಿನ ಜನಸಂಖ್ಯೆ ಮೂವತ್ತು ಸಾವಿರದ ಮೂವತ್ತೊಂದು. ನನ್ನ ಅತ್ತೆಯ ಅತ್ತೆಯ ಕಾಲಕ್ಕೂ ಅಷ್ಟೇ, ಇವತ್ತಿಗೂ ಅಷ್ಟೇ. ಒಬ್ಬರು ಹೋಗದೆ ಇನ್ನೊಬ್ಬರು ಬರುವ ಹಾಗಿಲ್ಲ, ಒಬ್ಬರು ಬರದೆ ಇನ್ನೊಬ್ಬರು ಹೋಗುವ ಹಾಗಿಲ್ಲ. ಹೊರಡುವ ಬಸ್ಸಿನಲ್ಲಿ ಹನ್ನೆರಡು ಜನ ಕೂತಿದ್ದರೆ, ಊರೊಳಗೆ ಹನ್ನೆರಡು ಜನ ಬಂದಿಳಿಯುವ ತನಕ ಅದರ ಎಂಜಿನ್ನು ಗೊರಗೊರ ಎನ್ನುತ್ತದೆಯೇ ಹೊರತು ಗಾಡಿ ಕದಲುವುದಿಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ನೋವು ಶುರುವಾದವಳು ಮೂರು ದಿನ ಚಕ್ಕುಲಿ ತಿನ್ನುತ್ತಾ ಕೂತಿರುವುದುಂಟು. ಸ್ಮಶಾನದ ಕಡೆಯಿಂದ ಜಾಗಟೆ ಕೇಳಿಸಿತೆಂದರೆ ಸಾಕು, ಡಾಕ್ಟರಮ್ಮ ಕೈ ತೊಳೆದುಕೊಂಡು ಸಿದ್ಧರಾಗುತ್ತಾರೆ. ಇದು ಯಾಕೆ ಹೀಗೆ ಎಂದು ನೀವು ಕೇಳಬಹುದು. ನಿಮ್ಮೂರಿನಲ್ಲಿ ಲೆಕ್ಕವೇ ಇಲ್ಲದೆ ಹುಟ್ಟುತ್ತಾರೆ ಸಾಯುತ್ತಾರೆ, ಅದು ಯಾಕೆ ಹಾಗೆ ಎಂದು ನಾವೇನಾದರೂ ಕೇಳಿದ್ದೇವೆಯೇ?

ನನ್ನ ಹೆಸರು ಸಾಕಮ್ಮ. ನಮ್ಮಪ್ಪನಿಗೆ ನಾನು ಐದನೆಯ ಹೆಣ್ಣು, ಅದಕ್ಕೇ ಆ ಹೆಸರು. ಹುಟ್ಟಿದೂರಿನಲ್ಲೇ ಹೆಚ್ಚಾದವಳು ನಾನು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಹೆಚ್ಚಾಗುವುದೇ ನನ್ನ ಹುದ್ದೆಯಾಯಿತು. ಅದು ಹೇಗೆಂದು ತಿಳಿಯಬೇಕಾದರೆ ಮೊದಲು ನಿಮಗೆ ಸಾಲೂಟದ ವಿಷಯ ಹೇಳಬೇಕು.

ಯುಗಾದಿ ಕಳೆದ ಮೊದಲ ಭಾನುವಾರ ಇಡೀ ಊರು ಒಟ್ಟಿಗೆ ಕೂತು ಉಣ್ಣುತ್ತದೆ. ಅದೇ ಸಾಲೂಟ. ಹಾಸಿಗೆ ಹಿಡಿದವರನ್ನು ಮಂಚದ ಸಮೇತ ಹೊತ್ತು ತರುತ್ತಾರೆ, ಲಾಕಪ್ಪಿನಲ್ಲಿರುವ ಕಳ್ಳನನ್ನೂ ಅವನನ್ನು ಹಿಡಿದ ಪೊಲೀಸನನ್ನೂ ಕರೆತರುತ್ತಾರೆ. ಅಡುಗೆಯವರು ಒಲೆ ಆರಿಸಿ, ಕೈ ಒರೆಸಿಕೊಂಡು, ತಾವೂ ಬಂದು ಕೂರುತ್ತಾರೆ. ನಿಯಮ ಒಂದೇ. ಎಲ್ಲ ಸಾಲುಗಳೂ ಸಮ ಇರಬೇಕು, ಒಂದರಲ್ಲಿ ಒಬ್ಬ ಹೆಚ್ಚಿಲ್ಲ, ಒಂದರಲ್ಲಿ ಒಬ್ಬ ಕಡಿಮೆಯಿಲ್ಲ. ಪಂಕ್ತಿಭೇದ ಮಾಡದ ಊರು ಎಂದು ನಮಗೆ ಬಹಳ ಜಂಬ.

ಜಂಬವೇನೋ ಸರಿ, ಆದರೆ ಲೆಕ್ಕ ಕೈ ಕೊಡುತ್ತಿತ್ತು. ಊರಿನಲ್ಲಿ ಎರಡು ಪಕ್ಷಗಳಿದ್ದ ಕಾಲದಲ್ಲಿ ಎರಡು ಸಾಲು ಮಾಡಿದರು, ಒಬ್ಬ ಮಿಕ್ಕ. ಮೂರು ಪಕ್ಷಗಳಾದವು, ಮೂರು ಸಾಲು ಮಾಡಿದರು, ಒಬ್ಬ ಮಿಕ್ಕ. ಐದು, ಏಳು, ಹನ್ನೊಂದು, ಕೊನೆಗೆ ಪುರಸಭೆಯ ಹದಿಮೂರು ವಾರ್ಡಿನ ಲೆಕ್ಕದಲ್ಲಿ ಹದಿಮೂರು ಸಾಲು, ಎಲ್ಲದಕ್ಕೂ ಒಬ್ಬ ಮಿಕ್ಕೇ ಮಿಕ್ಕ. ಒಂದು ಸಲ ನಾಲ್ಕು ಸಾಲು ಮಾಡಲು ಹೋಗಿ ಮೂವರು ಮಿಕ್ಕರಂತೆ. ಆ ಮೂವರೂ ಸೇರಿ ಸಂಘ ಕಟ್ಟಿ, ತಮಗೆ ಪ್ರತ್ಯೇಕ ಕೊಪ್ಪರಿಗೆ ಬೇಕೆಂದು ಧರಣಿ ಕೂತರಂತೆ. ಅವತ್ತಿನಿಂದ ಒಬ್ಬರೇ ಮಿಕ್ಕುವಂಥ ಸಾಲುಗಳನ್ನು ಮಾತ್ರ ಮಾಡಬೇಕೆಂದು ಪುರಸಭೆ ಠರಾವು ಮಾಡಿತು. ಒಬ್ಬರಾದರೆ ಸಂಘ ಕಟ್ಟಲು ಆಗುವುದಿಲ್ಲವಲ್ಲ!

ಇನ್ನೊಬ್ಬ ಅಧ್ಯಕ್ಷ ಬಂದು "ಒಂದೇ ಊರು, ಒಂದೇ ಸಾಲು" ಎಂದನಂತೆ. ಸಾಲು ಬೀದಿ ಬೀದಿ ಸುತ್ತಿ, ತೋಪು ದಾಟಿ, ಬಡಿಸುವ ಮೊದಲೇ ಅದರ ಬಾಲ ಗಡಿಕಲ್ಲಿನ ಆಚೆಗೆ ಹೋಯಿತು. ಆಚೆ ಕೂತವರಷ್ಟು ಜನ ಊರಿಗೆ ಕಡಿಮೆಯಾದರು. ಇತ್ತ ಆಸ್ಪತ್ರೆಯಲ್ಲಿ ಕಾಯುತ್ತಿದ್ದ ಕೂಸುಗಳು ಬಾಣಲೆಯಲ್ಲಿ ಅರಳು ಸಿಡಿದ ಹಾಗೆ ಒಂದರ ಹಿಂದೊಂದು ಹುಟ್ಟಿದವು. ಆಚೆ ಕೂತವರು ಎದ್ದು ಒಳಗೆ ಬರಬೇಕೆಂದರೆ ಜಾಗವೇ ಇಲ್ಲ. ಊಟ ಅಲ್ಲಿಗೇ ನಿಂತಿತು. ಅವರಲ್ಲಿ ಕೆಲವರು ಇನ್ನೂ ಅಲ್ಲೇ ಇದ್ದಾರೆ, ಅವರದೇ ಒಂದು ಕೊಪ್ಪಲು ಆಗಿದೆ, ಒಳ್ಳೆ ಬದನೆಕಾಯಿ ಬೆಳೆಯುತ್ತಾರೆ.

ಮಿಕ್ಕವರಿಗೂ ಒಂದು ಕೆಲಸ ಇತ್ತು, ಇಲ್ಲವೆನ್ನುವುದಿಲ್ಲ. ಸಾಲಿನಲ್ಲಿ ಕೂತವರು ಊಟ ಮುಗಿಯುವ ತನಕ ಏಳಬಾರದು, ಎದ್ದರೆ ಸಾಲು ಕೆಡುತ್ತದೆ, ಸಾಲು ಕೆಟ್ಟರೆ ಊರು ಒಡೆಯುತ್ತದೆ ಎಂಬ ನಂಬಿಕೆ. ಆದ್ದರಿಂದ ಕೊಪ್ಪರಿಗೆಯಿಂದ ಬಕೆಟ್ಟಿಗೆ ತುಂಬಿ ಪ್ರತಿ ಸಾಲಿನ ತಲೆಯವನ ಕೈಗೆ ಕೊಡುವವರು ಮಿಕ್ಕವರು. ಅಲ್ಲಿಂದ ಬಕೆಟ್ಟು ಕೈಯಿಂದ ಕೈಗೆ ಹೋಗುತ್ತದೆ, ಅವರವರ ಎಲೆಗೆ ಅವರವರೇ ಬಡಿಸಿಕೊಳ್ಳುತ್ತಾರೆ. ಎಲ್ಲ ಮುಗಿದ ಮೇಲೆ "ಉಣ್ಣಿ" ಎಂದು ಕೂಗುವುದೂ ಮಿಕ್ಕವರೇ. ಎಲ್ಲರೂ ಉಂಡು, ಬಾಯಿ ತೊಳೆದು, ಎಲೆಯಡಿಕೆ ಹಾಕಿಕೊಂಡು ಮನೆಗೆ ಹೋದ ಮೇಲೆ, ಮಿಕ್ಕವರು ಕಾಗೆ ನಾಯಿಗಳ ಜೊತೆ ನಿಂತು ತಳದಲ್ಲಿ ಉಳಿದದ್ದನ್ನು ಉಣ್ಣಬೇಕು. ಪಾಯಸದ ತಳ ಯಾವಾಗಲೂ ಸೀದಿರುತ್ತದೆ. ದ್ರಾಕ್ಷಿ ಗೋಡಂಬಿ ಅಷ್ಟು ಹೊತ್ತಿಗೆ ಊರು ಸುತ್ತಿ ಯಾರ ಹೊಟ್ಟೆಗೋ ಸೇರಿರುತ್ತದೆ.

ಇದಕ್ಕೆಲ್ಲ ಶಾಸ್ತ್ರದ ಮುದ್ರೆ ಒತ್ತಿದವರು ಲೆಕ್ಕದ ಗೋವಿಂದಮೂರ್ತಿ ಮೇಷ್ಟ್ರು. ನಾನು ಹೊಸದಾಗಿ ಬಂದಾಗ ಅವರ ಮನೆಗೇ ಹೋಗಿ ಕೇಳಿದ್ದೆ. ಮೇಷ್ಟ್ರು ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದರು. "ನೋಡಮ್ಮ, ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು. ಇವನ್ನೆಲ್ಲ ಒಂದಕ್ಕೊಂದು ಗುಣಿಸು. ಮೂವತ್ತು ಸಾವಿರದ ಮೂವತ್ತು ಬರುತ್ತೆ. ಅದಕ್ಕೆ ಒಂದು ಕೂಡಿಸು, ನಮ್ಮೂರು. ಇವುಗಳಲ್ಲಿ ಯಾವುದರಿಂದ ಭಾಗ ಮಾಡಿದ್ರೂ ಆ ಕೂಡಿಸಿದ ಒಂದು ಉಳಿದೇ ಉಳಿಯುತ್ತೆ. ಆದ್ದರಿಂದ ಈ ಊರು ಒಡೆಯೋದಿಲ್ಲ."

"ಹದಿಮೂರರ ಆಚೆ ನೋಡಿದ್ರಾ ಮೇಷ್ಟ್ರೇ?"

"ಆಚೆ ಯಾಕಮ್ಮ ನೋಡ್ಬೇಕು? ನಮಗಿರೋದೇ ಹದಿಮೂರು ವಾರ್ಡು."

ನನಗೆ ಲೆಕ್ಕ ಬರುವುದಿಲ್ಲ. ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು ಎಂದುಕೊಂಡು ಎದ್ದು ಬಂದೆ. ಪುರಸಭೆಯವರು ಅವರ ಮಾತನ್ನೇ ಕಲ್ಲಿನ ಮೇಲೆ ಕೆತ್ತಿಸಿ ಊರ ಬಾಗಿಲಲ್ಲಿ ನಿಲ್ಲಿಸಿದ್ದರು. "ಒಡೆಯದ ಊರು." ಬರುವವರೆಲ್ಲ ಓದಿ ತಲೆದೂಗುತ್ತಿದ್ದರು. ಒಡೆಯದೇ ಇರುವುದಕ್ಕಾಗಿ ಪ್ರತಿ ವರ್ಷ ಹೊರಗೆ ನಿಲ್ಲುವವಳು ನಾನು ಎಂದು ಆ ಕಲ್ಲಿನಲ್ಲಿ ಬರೆದಿರಲಿಲ್ಲ.

ನಾನೇ ಯಾಕೆ ಎಂದರೆ, ಅದಕ್ಕೆ ನನ್ನ ಗಂಡ ಕಾರಣ. ಮರಿಗಂಗಯ್ಯ ಅವನ ಹೆಸರು, ಟೈಲರ್. ಎದುರಿಗೆ ನಾನು ಬಹುವಚನದಲ್ಲೇ ಮಾತಾಡಿಸುತ್ತೇನೆ. ಇಲ್ಲಿ ಏಕವಚನ ಇರಲಿ, ಹೇಗೂ ಎರಡು ಪುಟ ಓದುವ ತಾಳ್ಮೆ ಅವನಿಗಿಲ್ಲ. ಅವನಷ್ಟು ಅವಸರದ ಮನುಷ್ಯನನ್ನು ನಾನು ಕಂಡಿಲ್ಲ. ಅವನು ಹೊಲಿದ ಅಂಗಿಗೆ ಒಂದು ತೋಳು ಉದ್ದ, ಒಂದು ಗಿಡ್ಡ. ಕೇಳಿದರೆ "ಕೈ ಮಡಚ್ಕೊಳಿ, ಸರಿಹೋಗುತ್ತೆ" ಎನ್ನುತ್ತಾನೆ. ಕಾಫಿ ಕುಡಿದು ನಾಲಗೆ ಸುಟ್ಟುಕೊಳ್ಳದ ದಿನವೇ ಇಲ್ಲ.

ಮದುವೆ ಮುಗಿಸಿ ನನ್ನನ್ನು ಕರೆತಂದ ದಿನ ನಾವಿಬ್ಬರೂ ಗಡಿಕಲ್ಲಿನ ಹತ್ತಿರ ಕಾಯುತ್ತಾ ಕೂತೆವು. ಅವನು ಊರಿನವನು, ಅವನಿಗೆ ಜಾಗ ಇತ್ತು, ಕಲ್ಲಿನ ಒಳಬದಿಗೆ ಕೂತ. ನನಗೆ ಯಾರಾದರೂ ಜಾಗ ಬಿಡಬೇಕಿತ್ತು. ಸತ್ತವರ ಎಲೆ ಬಂದವರಿಗೆ ಎಂಬುದು ನಮ್ಮೂರ ಕ್ರಮ. ಸಾಲೂಟದಲ್ಲಿ ಮೊದಲು ಕೂರುವವರು ಯಾರು, ನಂತರ ಯಾರು ಎಂದು ಒಂದು ಸರದಿ ಇದೆ. ಸತ್ತವರ ಸರದಿ ಬಂದವರಿಗೋ ಹುಟ್ಟಿದವರಿಗೋ ಸೇರುತ್ತದೆ. ಆ ಹೊತ್ತಿಗೆ ಆಗಿನ ಅಧ್ಯಕ್ಷರ ಅಜ್ಜಿ, ಸರದಿಯಲ್ಲಿ ಮೂರನೆಯವರು, ಇವತ್ತೋ ನಾಳೆಯೋ ಎಂಬಂತಿದ್ದರು. ನಾಲ್ಕು ದಿನ ಕಾದಿದ್ದರೆ ಆ ಎಲೆ ನನ್ನದಾಗುತ್ತಿತ್ತು. ಆದರೆ ಎರಡನೆಯ ದಿನವೇ ದ್ಯಾವಯ್ಯ ಎಂಬ ಮುದುಕ ತೀರಿಕೊಂಡ. ಸರದಿಯಲ್ಲಿ ಕಟ್ಟಕಡೆಯವನು ಅವನು, ಎಂದರೆ ಊರಿನ ಮಿಕ್ಕವನು. "ಯಾರೋ ಒಬ್ರು ಹೋದ್ರಲ್ಲ, ಬಾ ಬಾ, ಸೊಳ್ಳೆ ಕಚ್ತಾ ಅವೆ" ಎಂದು ನನ್ನ ಗಂಡ ಕೈ ಹಿಡಿದು ಎಳೆದುಕೊಂಡು ಒಳಗೆ ನಡೆದೇಬಿಟ್ಟ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ಅದನ್ನು ನಾನು ಮದುವೆಯಾಗಿದ್ದೆ. ಅಜ್ಜಿಯ ಎಲೆ ನಮ್ಮ ಪಕ್ಕದಲ್ಲೇ ಕಾಯುತ್ತಾ ಕೂತಿದ್ದ ಒಬ್ಬ ಬಳೆ ಮಾರುವವನಿಗೆ ಸಿಕ್ಕಿತು. ಅವನು ಈಗಲೂ ಮೂರನೆಯವನಾಗಿ ಕೂತು ಗೋಡಂಬಿ ಆರಿಸಿಕೊಂಡು ತಿನ್ನುತ್ತಾನೆ.

ಮೂವತ್ತೆರಡು ವರ್ಷ. ಮೊದಲ ಮೂರು ನಾಲ್ಕು ವರ್ಷ ಅಳುತ್ತಾ ಕಳೆದೆ. ಆಮೇಲೆ ಜಗಳ ಆಡಿದೆ. ಆಮೇಲೆ ಸೌಟು ಬೀಸುವುದರಲ್ಲಿ ನುರಿತುಬಿಟ್ಟೆ. "ಸಾಕಮ್ಮನ ಕೈಯಲ್ಲಿ ಬಕೆಟ್ಟು ತುಳುಕೋದೇ ಇಲ್ಲ" ಎಂದು ಊರೆಲ್ಲ ಹೊಗಳಿತು. ಹೊಗಳಿಕೆಗೇನು, ಪುಕ್ಕಟೆ. ನನಗೆ ಆಸೆ ಇದ್ದದ್ದು ಒಂದೇ. ಒಂದು ಸಲ ಚಕ್ಕಳಮಕ್ಕಳ ಹಾಕಿ ಸಾಲಿನಲ್ಲಿ ಕೂರಬೇಕು. ಯಾರಾದರೂ ಬಂದು ನನ್ನ ಎಲೆಗೆ ಬಿಸಿ ಅನ್ನ ಬಡಿಸಬೇಕು. ಇದನ್ನು ಗಂಡನಿಗೆ ಹೇಳಿದಾಗಲೆಲ್ಲ ಅವನು "ಮನೇಲಿ ದಿನಾ ಕೂತೇ ಉಣ್ತೀಯಲ್ಲ" ಎನ್ನುತ್ತಿದ್ದ. ಮನೆಯಲ್ಲಿ ಬಡಿಸುವವಳೂ ನಾನೇ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

ಈ ವರ್ಷ ಸಾಲೂಟದ ಹೊತ್ತಿಗೆ ಒಳಚರಂಡಿ ಹಾಕುತ್ತೇವೆಂದು ಊರಿನ ಬೀದಿಗಳನ್ನೆಲ್ಲ ಅಗೆದು ಗುಡ್ಡೆ ಹಾಕಿದ್ದರು. ಕೂರಲು ಜಾಗವಿಲ್ಲ. ಅಧ್ಯಕ್ಷ ಚನ್ನಮಲ್ಲಪ್ಪನವರು ಸಭೆ ಕರೆದು, ಈ ಸಲ ಒಣಗಿದ ಕೆರೆಯ ಅಂಗಳದಲ್ಲಿ ಕೂರೋಣ, ವಾರ್ಡಿಗೆ ಐದರಂತೆ ಅರವತ್ತೈದು ಸಣ್ಣ ಸಾಲು ಮಾಡೋಣ ಎಂದರು. ಮೇಷ್ಟ್ರು ಬೆರಳು ಮಡಚಿ ಬಿಚ್ಚಿ, ಅರವತ್ತೈದಾದರೂ ಒಬ್ಬರೇ ಮಿಕ್ಕುತ್ತಾರೆ, ಸಂಘದ ಭಯವಿಲ್ಲ ಎಂದು ಒಪ್ಪಿಗೆ ಕೊಟ್ಟರು. ಎಲ್ಲರೂ ನನ್ನ ಕಡೆ ನೋಡಿ ನಕ್ಕರು. ನಾನೂ ನಕ್ಕೆ, ಏನು ಮಾಡಲಿ.

ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವವನು ದಸ್ತಗೀರ್. ಸೀಟಿ ಊದಿ ಜನರನ್ನು ಕೂರಿಸುವವನೂ ಅವನೇ. ಸರದಿಯಲ್ಲಿ ಅವನು ನನಗಿಂತ ಒಂದೇ ಒಂದು ಮುಂದೆ. ಪ್ರತಿ ವರ್ಷ ಎಲ್ಲರನ್ನೂ ಕೂರಿಸಿ, ಕಟ್ಟಕಡೆಯ ಜಾಗದಲ್ಲಿ ತಾನು ಕೂತು, ಹೊರಗೆ ನಿಂತ ನನ್ನ ಕಡೆ ತಿರುಗಿ ತಪ್ಪು ಮಾಡಿದವನ ಹಾಗೆ ಒಂದು ನಗು ನಗುತ್ತಿದ್ದ. ಅವನು ಹಿಂದಿನ ದಿನವೇ ಅರವತ್ತೈದು ಗೆರೆ ಎಳೆದು ಬಂದಿದ್ದ. ಬೆಳಿಗ್ಗೆ ಹೋಗಿ ನೋಡಿದರೆ ಮೇಲಿನ ಊರಿನವರು ಅವರ ಕೆರೆಯ ತೂಬು ಎತ್ತಿದ್ದಾರೆ, ತಗ್ಗಿನ ಕಡೆಗೆ ಮೊಣಕಾಲು ಮುಳುಗುವಷ್ಟು ನೀರು ನಿಂತಿದೆ. ಆರು ಗೆರೆ ನೀರಿನ ಪಾಲು.

ದಸ್ತಗೀರ್ ಓಡಿ ಬಂದ. "ಮೇಷ್ಟ್ರೇ, ಐವತ್ತೊಂಬತ್ತೇ ಉಳಿದಿರೋದು. ಏನ್ಮಾಡ್ಲಿ?"

ಜನ ಆಗಲೇ ಬಂದು ಸೇರುತ್ತಿದ್ದರು. ಹುಳಿಯ ಒಗ್ಗರಣೆ ಘಮ್ಮೆನ್ನುತ್ತಿತ್ತು. ಮೇಷ್ಟ್ರಿಗೂ ಹಸಿವಾಗಿತ್ತು ಅಂತ ಕಾಣುತ್ತದೆ. "ಯಾವುದಾದ್ರೇನಯ್ಯ? ಈ ಊರಿನ ಸಂಖ್ಯೆ ಒಡೆಯೋದಿಲ್ಲ ಅಂತ ಸಾಧಿಸಿಯಾಗಿದೆ. ಐವತ್ತೊಂಬತ್ತೋ ಐನೂರೋ, ಕೂರಿಸು" ಎಂದರು.

ದಸ್ತಗೀರ್ ಕೂರಿಸತೊಡಗಿದ. ನಮ್ಮಲ್ಲಿ ಕೂರಿಸುವುದು ಸುತ್ತಿನ ಲೆಕ್ಕದಲ್ಲಿ. ಒಂದು ಸೀಟಿಗೆ ಎಲ್ಲ ಸಾಲುಗಳಿಗೂ ಅಡ್ಡಲಾಗಿ ಒಂದೊಂದು ಎಲೆ ಹಾಸುತ್ತಾರೆ. ಸರದಿಯ ಪ್ರಕಾರ ಸಾಲಿಗೊಬ್ಬರಂತೆ ಬಂದು ಕೂರುತ್ತಾರೆ. ಮತ್ತೊಂದು ಸೀಟಿ, ಮತ್ತೊಂದು ಸುತ್ತು. ಮೊದಲ ಸುತ್ತಿನವರು ಕೊಪ್ಪರಿಗೆಗಳ ಪಕ್ಕದಲ್ಲಿ, ಕೊನೆಯ ಸುತ್ತಿನವರು ದೂರದ ತುದಿಯಲ್ಲಿ. ನನ್ನ ಗಂಡ ಮೊದಲ ಸುತ್ತಿನವನು, ಐವತ್ತೊಂಬತ್ತನೆಯ ಸಾಲಿಗೆ ತಲೆಯಾಗಿ ಕೂತ. ಕೂತವನೇ ಎಲೆಗೆ ನೀರು ಚಿಮುಕಿಸಿ ಒರೆಸಲು ಶುರು ಮಾಡಿದ. ಬಡಿಸಲು ಇನ್ನೂ ಎರಡು ಗಂಟೆ ಇತ್ತು.

ನಾನು ದೂರದ ತುದಿಯ ಹತ್ತಿರ ಹೊಂಗೆ ಮರದ ಕೆಳಗೆ ಸೌಟು ಹಿಡಿದು ನಿಂತಿದ್ದೆ. ಕೊನೆಯ ಸುತ್ತಿನವರು ಕೂತ ಮೇಲೆ ಅಲ್ಲಿಂದ ಕೊಪ್ಪರಿಗೆಯವರೆಗೆ ನಡೆದು ಹೋಗುವುದು ನನ್ನ ವಾಡಿಕೆ. ಕೊನೆಯ ಸೀಟಿ ಆಯಿತು. ಎಲೆಗಳು ಅಡ್ಡಲಾಗಿ ಹಾಸಿಕೊಂಡವು. ಜನ ಕೂತರು. ದಸ್ತಗೀರ್ ಸೀಟಿಯನ್ನು ಜೇಬಿಗೆ ಹಾಕಿಕೊಂಡು ತನ್ನ ಜಾಗಕ್ಕೆ, ಐವತ್ತೆಂಟನೆಯ ಸಾಲಿನ ಬಾಲಕ್ಕೆ ಬಂದು ಕೂತ. ವಾಡಿಕೆಯ ಪ್ರಕಾರ ನನ್ನ ಕಡೆ ತಿರುಗಿ ಆ ನಗು ನಗಬೇಕಿತ್ತು. ನಗಲಿಲ್ಲ. ತನ್ನ ಪಕ್ಕಕ್ಕೆ ನೋಡಿದ, ನನ್ನನ್ನು ನೋಡಿದ, ಮತ್ತೆ ಪಕ್ಕಕ್ಕೆ ನೋಡಿದ.

"ಅಕ್ಕಾ," ಎಂದ, "ಇಲ್ಲೊಂದು ಎಲೆ ಖಾಲಿ ಐತೆ."

ನಮ್ಮೂರಿನ ಸಾಲೂಟದಲ್ಲಿ ಖಾಲಿ ಎಲೆಯನ್ನು ಯಾರೂ ಕಂಡಿರಲಿಲ್ಲ. ಐವತ್ತೊಂಬತ್ತನೆಯ ಸಾಲಿನ ತುದಿಯಲ್ಲಿ, ಒಂದು ಬಾಳೆ ಎಲೆ ಗಾಳಿಗೆ ಅಂಚು ಅಲುಗಿಸುತ್ತಾ ಬಿದ್ದಿತ್ತು. ಅದರ ಹಿಂದೆ ಯಾರೂ ಇರಲಿಲ್ಲ. ಇಡೀ ಕೆರೆಯಂಗಳದಲ್ಲಿ ನಿಂತಿದ್ದವಳು ನಾನೊಬ್ಬಳೇ.

ಸುದ್ದಿ ಬಕೆಟ್ಟಿನ ಹಾಗೆ ಬಾಯಿಂದ ಬಾಯಿಗೆ ಸಾಗಿ ಅಧ್ಯಕ್ಷರನ್ನೂ ಮೇಷ್ಟ್ರನ್ನೂ ತಲುಪಿತು. ಮೈಕು ಇತ್ತು, ಆದರೆ ಮೈಕಿನವನು ಸಾಲಿನಲ್ಲಿ ಕೂತುಬಿಟ್ಟಿದ್ದ. ಮೇಷ್ಟ್ರು ಕೂತಲ್ಲಿಂದಲೇ ಕೂಗಿದರು. "ಸಾಧ್ಯವೇ ಇಲ್ಲ! ಯಾರೋ ಒಬ್ಬರು ಕಡಿಮೆ ಇದ್ದಾರೆ!" ಒಬ್ಬರು ಕಡಿಮೆಯಾಗಿದ್ದರೆ ಆ ಕ್ಷಣವೇ ಒಂದು ಕೂಸು ಹುಟ್ಟಬೇಕಿತ್ತು. ನಡುವಿನ ಸಾಲಿನಲ್ಲಿ ನಾಲ್ಕು ದಿನದಿಂದ ನೋವು ತಡೆದುಕೊಂಡು ಕೂತಿದ್ದ ಕಂಬಾರರ ಸೊಸೆಯನ್ನು ಎಲ್ಲರೂ ತಿರುಗಿ ನೋಡಿದರು. ಅವಳು ಹೊಟ್ಟೆ ಮುಟ್ಟಿ ನೋಡಿಕೊಂಡು, "ಇನ್ನೂ ಇಲ್ಲ ಮೇಷ್ಟ್ರೇ!" ಎಂದು ಸಿಟ್ಟಿನಲ್ಲೇ ಕೂಗಿದಳು. ಅಲ್ಲಿಗೆ ಲೆಕ್ಕ ಸರಿಯಿತ್ತು. ಯಾರೂ ಕಡಿಮೆ ಇರಲಿಲ್ಲ, ಯಾರೂ ಹೆಚ್ಚಿರಲಿಲ್ಲ. ಪ್ರತಿ ಸಾಲಿನಲ್ಲೂ ಐನೂರ ಒಂಬತ್ತು ಜನ, ನಾನು ಕೂತರೆ.

ಅಧ್ಯಕ್ಷರಿಗೆ ಬೇರೆಯದೇ ದಿಗಿಲು. "ಹಂಗಾದ್ರೆ ಊರು ಒಡೀತಾ ಮೇಷ್ಟ್ರೇ?" ಎಂದು ಅವರು ಕೇಳಿದ್ದು ಐದಾರು ಸಾಲುಗಳಿಗೆ ಕೇಳಿಸಿತು. ಜನ ತಮ್ಮ ತಮ್ಮ ಎಲೆಯ ಪಕ್ಕದ ನೆಲವನ್ನು ಬಿರುಕು ಬಿಟ್ಟಿದೆಯೇ ಎಂದು ನೋಡಿದರು. ಒಣಗಿದ ಕೆರೆಯಂಗಳ, ಬಿರುಕು ಎಲ್ಲೆಲ್ಲೂ ಇತ್ತು. ಕೆಲವರು ದೇವರನ್ನು ಕರೆದರು.

ನಾನು ಯಾರನ್ನೂ ಕೇಳಲಿಲ್ಲ. ಸೌಟನ್ನು ಹೊಂಗೆ ಮರಕ್ಕೆ ಒರಗಿಸಿ ಇಟ್ಟೆ. ನಡೆದು ಹೋಗಿ, ಸೆರಗು ಸರಿಮಾಡಿಕೊಂಡು, ಆ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆ. ನೆಲ ಬೆಚ್ಚಗಿತ್ತು. ಮಂಡಿ ನೋವಿನಿಂದ ಕಟ್ ಎಂದಿತು. ಕಣ್ಣಲ್ಲಿ ನೀರು ಬಂತು. ಮಂಡಿಗೆ ಅಲ್ಲ, ಸಂತೋಷಕ್ಕೇ ಬಂತು, ಸುಳ್ಳು ಯಾಕೆ ಹೇಳಲಿ.

"ಕೂತ್ಯಾ ಅಕ್ಕ?" ಎಂದು ದಸ್ತಗೀರ್ ಪಿಸುಗುಟ್ಟಿದ.

"ಕೂತೆ ಕಣೋ."

"ಹೆಂಗೈತೆ?"

"ಬೆನ್ನು ನೋಯ್ತದೆ. ಆದ್ರೂ ಚೆನ್ನಾಗೈತೆ."

ಆಮೇಲೆ ಏನೂ ಆಗಲಿಲ್ಲ. ಏನೂ ಆಗದೇ ಇದ್ದದ್ದೇ ತೊಂದರೆಯಾಯಿತು. ಇಡೀ ಊರು ಕೂತಿದೆ. ಎಲೆಗಳು ಒರೆಸಿ ಸಿದ್ಧವಾಗಿವೆ. ಕೊಪ್ಪರಿಗೆಗಳಿಂದ ಹಬೆ ಏಳುತ್ತಿದೆ. ಬಡಿಸುವವರು ಯಾರು? ಯಾರೂ ಮಿಕ್ಕಿಲ್ಲವಲ್ಲ. ಕೂತವರು ಏಳುವ ಹಾಗಿಲ್ಲ. ಊರಿಗೆ ಊರೇ ತನ್ನ ಎಲೆ ನೋಡಿತು, ಕೊಪ್ಪರಿಗೆ ನೋಡಿತು, ಆಮೇಲೆ ತಲೆ ತಿರುಗಿಸಿ ಕೆರೆಯಂಗಳದ ಈ ತುದಿಯಲ್ಲಿ ಕೂತ ನನ್ನನ್ನು ನೋಡಿತು.

ಅಧ್ಯಕ್ಷರ ಮಾತು ಸಾಲಿನ ತಲೆಗಳನ್ನು ದಾಟಿ, ನನ್ನ ಗಂಡನನ್ನು ಮುಟ್ಟಿ, ನಮ್ಮ ಸಾಲಿಗಿಳಿದು, ಒಬ್ಬೊಬ್ಬರ ಬಾಯಿಂದ ನನ್ನ ಹತ್ತಿರ ಬಂತು. ನನ್ನ ಪಕ್ಕದಲ್ಲಿದ್ದವಳು ಹೂ ಕಟ್ಟುವ ಹುಡುಗಿ. "ಅಧ್ಯಕ್ಷರು ಹೇಳ್ತಾವ್ರೆ, ಸಾಕಮ್ಮೋರು ಎದ್ದು ವಾಡಿಕೆ ಪ್ರಕಾರ ನಡ್ಕೋಬೇಕಂತೆ" ಎಂದಳು.

"ವಾಡಿಕೆ ಪ್ರಕಾರ ಸಾಲಲ್ಲಿ ಕೂತೋರು ಏಳಂಗಿಲ್ಲ ಅಂತ ಹೇಳು" ಎಂದೆ. ಅದು ಅಷ್ಟೂ ಬಾಯಿ ದಾಟಿ ವಾಪಸು ಹೋಯಿತು. ಹೋಗುವ ದಾರಿಯಲ್ಲಿ ಒಬ್ಬಿಬ್ಬರು "ಸರಿಯಾಗೇ ಕೇಳ್ತಾವ್ಳೆ" ಎಂದದ್ದು ನನಗೂ ಕೇಳಿಸಿತು.

ಮೇಷ್ಟ್ರು ಹೇಳಿ ಕಳಿಸಿದರು, ಇದು ಬರೀ ಕಾಕತಾಳೀಯವಂತೆ, ಮುಂದಿನ ವರ್ಷ ವಿಚಾರ ಮಾಡೋಣವಂತೆ. "ಮುಂದಿನ್ ವರ್ಷದೊಳಗೆ ನಾನು ಸತ್ರೆ ನನ್ನ ಎಲೆ ಮೇಷ್ಟ್ರ ಮೊಮ್ಮಗೂಗೇ ಬರ್ಲಿ ಅಂತ ಹೇಳು" ಎಂದೆ. ಮೇಷ್ಟ್ರ ಸೊಸೆಗೆ ಆಗ ಏಳು ತಿಂಗಳು.

ಬಿಸಿಲು ಏರಿತು. ಕೂಸುಗಳು ಅಳತೊಡಗಿದವು. ಕೊನೆಗೆ ನನ್ನ ಗಂಡನ ಮಾತು ಬಂತು. ಇದು ದೂರದಿಂದ ಬರಬೇಕಾಗಿರಲಿಲ್ಲ, ನಮ್ಮ ಸಾಲಿನ ತಲೆಯಿಂದಲೇ ಹೊರಟಿತ್ತು. ಮದುವೆಯಾದ ಮೇಲೆ ನಾವಿಬ್ಬರೂ ಒಂದೇ ಸಾಲಿನಲ್ಲಿ ಕೂತದ್ದು ಅವತ್ತೇ, ಅವನು ತಲೆ, ನಾನು ಬಾಲ. ಹೂವಿನ ಹುಡುಗಿ ನಾಚಿಕೊಂಡು ಹೇಳಿದಳು. "ಮರಿಗಂಗಯ್ಯನೋರು ಕೇಳ್ತಾವ್ರೆ. 'ಸಾಕೂ, ಎದ್ದು ಬಡಿಸ್ಬಿಡೆ, ಹಸೀತಾ ಐತೆ' ಅಂತೆ."

ಆ 'ಸಾಕೂ' ಎಂಬುದು ಮನೆಯೊಳಗಿನ ಹೆಸರು. ಐನೂರು ಜನ ಅದನ್ನು ಒಬ್ಬರ ಕಿವಿಯಿಂದ ಒಬ್ಬರ ಕಿವಿಗೆ ಹೇಳಿಕೊಂಡು ತಂದಿದ್ದರು. ನನಗೆ ರೇಗಿತು. ಮೂವತ್ತೆರಡು ವರ್ಷದ್ದೂ ಒಟ್ಟಿಗೆ ಬಂತು.

"ಅವರಿಗೆ ಹೇಳು," ಎಂದೆ, "ಅವತ್ತು ಗಡಿಕಲ್ಲಿನ ಹತ್ರ ನಾಲ್ಕು ದಿನ ಕಾಯಾಕಾಗ್ಲಿಲ್ಲ ನಿಮಗೆ. ಸೊಳ್ಳೆ ಕಚ್ತವೆ ಅಂತ ನನ್ನನ್ನ ಎಳ್ಕೊಂಡು ಬಂದು ಮಿಕ್ಕವಳನ್ನಾಗಿ ಮಾಡಿದ್ರಿ. ಇವತ್ತು ಕಾಯಿರಿ. ಇನ್ನೊಬ್ರು ಬಡಿಸ್ತಾರೆ ಅಂತ ಕಾಯೋದು ಹೆಂಗಿರ್ತದೆ ಅಂತ ನೀವೂ ನೋಡಿ. ಅಷ್ಟೂ ಹೇಳು, ಒಂದಕ್ಷರ ಬಿಡಬ್ಯಾಡ."

ಹುಡುಗಿ ಬಿಡಲಿಲ್ಲ. ಅವಳ ಪಕ್ಕದವನೂ ಬಿಡಲಿಲ್ಲ. ನನ್ನ ಸಂಸಾರದ ಮಾತು ಸಾಲಿನುದ್ದಕ್ಕೂ ಹೋಗುವುದನ್ನು ನಾನು ಕಣ್ಣಾರೆ ಕಂಡೆ. ಕೇಳಿದ ಒಬ್ಬೊಬ್ಬರೂ ಮೊದಲು ನನ್ನ ಕಡೆ ನೋಡುತ್ತಿದ್ದರು, ಆಮೇಲೆ ಅವನ ಕಡೆ. ಗಂಡಸರು ತಲೆ ಕೆಳಗೆ ಹಾಕಿ ಹೇಳುತ್ತಿದ್ದರು, ಹೆಂಗಸರು ತಲೆ ಎತ್ತಿ ಹೇಳುತ್ತಿದ್ದರು. ದಸ್ತಗೀರನ ಮುಂದೆ ಕೂತಿದ್ದ ಮುದುಕಿ ನಿಟ್ಟುಸಿರು ಬಿಟ್ಟಳು. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಇಲ್ಲಿ ಜಗಳ ಮುಗಿಯೋ ತನಕ ಊರೇ ಉಣ್ಣಂಗಿಲ್ವಲ್ಲಪ್ಪ!"

ಮಾತು ಅವನನ್ನು ಮುಟ್ಟಿದ್ದು ನನಗೆ ಕಂಡಿತು. ಅಷ್ಟು ದೂರದಿಂದ ಮುಖ ಕಾಣುವುದಿಲ್ಲ, ಆದರೆ ಅವನು ಹೊಲಿದುಕೊಂಡ ಅಂಗಿಯ ಉದ್ದನೆಯ ತೋಳು ಕಾಣುತ್ತದೆ. ಅದು ಅಲುಗಲಿಲ್ಲ. ನಾನು ಹೆಚ್ಚಾಗಿ ಆಡಿಬಿಟ್ಟೆನೋ ಎಂದು ಒಂದು ಕ್ಷಣ ಅನ್ನಿಸಿತು. ಏಳಲೂ ಹೊರಟೆ, ಮಂಡಿ ಬಿಡಲಿಲ್ಲ. ಆ ಮಂಡಿಗೆ ನಾನು ಇವತ್ತಿಗೂ ಎಣ್ಣೆ ಹಚ್ಚಿ ಉಪಚಾರ ಮಾಡುತ್ತೇನೆ.

ಆಗ ಅವನು ಎದ್ದು ನಿಂತ.

ಊರು ಹಾ ಎಂದು ಉಸಿರೆಳೆದುಕೊಂಡಿತು. ನಮ್ಮ ಸಾಲು ಒಬ್ಬನಿಂದ ಕೆಟ್ಟಿತು. ಅಧ್ಯಕ್ಷರು ಎರಡೂ ಕೈ ನೆಲಕ್ಕೂರಿ ಹಿಡಿದುಕೊಂಡರಂತೆ, ಊರು ಒಡೆದರೆ ತಾವು ಯಾವ ಕಡೆ ಉಳಿಯಬೇಕೆಂದು. ಏನೂ ಒಡೆಯಲಿಲ್ಲ. ಒಂದು ಕಾಗೆ ಕೂಗಿತು, ಅಷ್ಟೇ. ಅವನು ಕೊಪ್ಪರಿಗೆಯ ಹತ್ತಿರ ಹೋದ. ಒಂದು ಬಕೆಟ್ಟಿಗೆ ಅನ್ನ ಹಾಕಿದ, ಇನ್ನೊಂದಕ್ಕೆ ಹುಳಿ ತುಂಬಿದ. ಸಾಲಿನ ಎರಡನೆಯವನು ಬಕೆಟ್ಟು ಇಸಿದುಕೊಳ್ಳಲು ಕೈ ಚಾಚಿದ. ಅವನು ಕೊಡಲಿಲ್ಲ. ಎರಡು ಕೈಯಲ್ಲೂ ಎರಡು ಬಕೆಟ್ಟು ಹಿಡಿದು, ಸಾಲಿನ ಪಕ್ಕದಲ್ಲೇ ಬಾಲದ ಕಡೆಗೆ ಹೊರಟ.

ಓಡುತ್ತಾನೆ ಎಂದುಕೊಂಡೆ. ಅವನು ಸ್ನಾನಕ್ಕೂ ಓಡುವವನು. ಆದರೆ ಹುಳಿಯ ಬಕೆಟ್ಟು ತುಂಬಿ ತುಳುಕುವಷ್ಟಿತ್ತು, ಓಡಿದರೆ ಕಾಲ ಮೇಲೆ ಬೀಳುತ್ತಿತ್ತು. ನನ್ನ ಗಂಡ ಜೀವಮಾನದಲ್ಲಿ ಮೊದಲನೆಯ ಸಲ ನಿಧಾನವಾಗಿ ನಡೆದ. ಒಂದೊಂದೇ ಹೆಜ್ಜೆ, ಕಣ್ಣು ಬಕೆಟ್ಟಿನ ಮೇಲೆ, ನಾಲಗೆ ಹಲ್ಲಿನ ನಡುವೆ ಕಚ್ಚಿಕೊಂಡು, ಸೂಜಿಗೆ ದಾರ ಪೋಣಿಸುವಾಗ ಕಚ್ಚಿಕೊಳ್ಳುತ್ತಾನಲ್ಲ, ಹಾಗೆ. ಹಸಿದ ಐನೂರು ಜನರ ಮೂಗಿನ ಮುಂದೆ ಆ ಹುಳಿ ಹಾದು ಬಂತು. ಒಬ್ಬರೂ ಕೈ ಹಾಕಲಿಲ್ಲ.

ನನ್ನ ಎದುರು ಬಂದು ಬಗ್ಗಿದ. ಅನ್ನ ಹಾಕುವ ಮೊದಲೇ ಹುಳಿ ಹಾಕಿದ, ಅದು ಎಲೆಯ ಮೇಲೆ ಹರಿದು ನನ್ನ ಸೀರೆಯ ಕಡೆ ಬಂತು. ಗಾಬರಿಯಾಗಿ ಅದರ ಮೇಲೆ ಅನ್ನ ಸುರಿದ, ಇಬ್ಬರಿಗಾಗುವಷ್ಟು. ಬೆವರು ಮೂಗಿನಿಂದ ತೊಟ್ಟಿಕ್ಕುತ್ತಿತ್ತು. "ಬಿಸಿ ಐತೆ," ಎಂದ, "ಆರಿಸ್ಕೊಂಡು ನಿಧಾನಕ್ಕೆ ಉಣ್ಣು."

ನಿಧಾನಕ್ಕೆ! ಆ ಬಾಯಿಂದ ಆ ಮಾತು ಬಂದದ್ದಕ್ಕೆ ಒಂದು ಊರಿನಷ್ಟು ಜನ ಸಾಕ್ಷಿ ಇದ್ದಾರೆ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು, ಯಾಕೆಂದರೆ ಮಿಕ್ಕವರು ಹೇಳುವ ತನಕ ಯಾರೂ ಉಣ್ಣುವಂತಿಲ್ಲ. ಆದರೆ ಈಗ ಮಿಕ್ಕವಳು ನಾನಲ್ಲವಲ್ಲ.

"ಹೇಳಿ" ಎಂದೆ.

"ಏನು?"

"ಉಣ್ಣಿ ಅನ್ನಿ. ನೀವೇ ಅಲ್ವಾ ಈಗ ಹೊರಗಿರೋರು."

ಅವನು ಸುತ್ತ ನೋಡಿದ. ಅಷ್ಟು ಜನರ ನಡುವೆ ಒಬ್ಬನೇ ನಿಂತಿದ್ದರೆ ಹೇಗಿರುತ್ತದೆಂದು ಅವನಿಗೆ ಆಗ ಗೊತ್ತಾಯಿತು ಎಂದು ನನಗೆ ಗೊತ್ತಾಯಿತು. "ಉಣ್ಣಿ" ಎಂದ. ದನಿ ಪೂರಾ ಹೊರಗೆ ಬರಲಿಲ್ಲ. ದಸ್ತಗೀರ್ ಕೂತಲ್ಲಿಂದಲೇ ಒಂದು ಉದ್ದನೆಯ ಸೀಟಿ ಊದಿದ.

ಆಮೇಲೆ ನಡೆದದ್ದನ್ನು ಮೇಷ್ಟ್ರು ಇವತ್ತಿಗೂ ಒಪ್ಪುವುದಿಲ್ಲ. ಬಡಿಸದೇ ಉಣ್ಣುವುದು ಹೇಗೆ? ಪ್ರತಿ ಸಾಲಿನ ತಲೆಯವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ನಾಚಿಕೊಂಡು, ಎದ್ದು ಕೊಪ್ಪರಿಗೆಗೆ ಮುತ್ತಿಗೆ ಹಾಕಿದರು. ಸೌಟು ಹಿಡಿಯಲು ಬರದೆ ಅಧ್ಯಕ್ಷರು ತಮ್ಮ ಪಂಚೆಗೇ ಪಾಯಸ ಬಡಿಸಿಕೊಂಡರು. ಗೋಡಂಬಿಯ ಬಳೆಗಾರ ಎಲ್ಲರಿಗೂ ಹಪ್ಪಳ ಕೊಟ್ಟ. ಮೇಷ್ಟ್ರು ಮಾತ್ರ ಎಲೆಯಂಚಿನ ಮಣ್ಣಿನ ಮೇಲೆ ಬೆರಳಿನಲ್ಲಿ ಐವತ್ತೊಂಬತ್ತರ ಮಗ್ಗಿ ಬರೆದು ಅಳಿಸುತ್ತಾ ಕೂತಿದ್ದರು, ಅನ್ನ ತಣ್ಣಗಾಗುವ ತನಕ. ಊರ ಬಾಗಿಲಿನ ಕಲ್ಲು ಇನ್ನೂ ಅಲ್ಲೇ ಇದೆ. ತೆಗೆಸಬೇಕೆಂದು ಹೊರಟಿದ್ದರು, ಕೆತ್ತಿದ್ದು ಚೆನ್ನಾಗಿದೆ, ಇರಲಿ ಬಿಡಿ ಎಂದು ನಾನೇ ಹೇಳಿದೆ.

ನಾನು ನಿಧಾನಕ್ಕೇ ಉಂಡೆ. ಎರಡು ಸಲ ಅನ್ನ ಹಾಕಿಸಿಕೊಂಡೆ, ಮಜ್ಜಿಗೆಗೂ ಹಾಕಿಸಿಕೊಂಡೆ. ಪಾಯಸದಲ್ಲಿ ಎರಡು ಗೋಡಂಬಿ, ಒಂದು ದ್ರಾಕ್ಷಿ ಸಿಕ್ಕಿತು. ಜನ ಎದ್ದು ಹೋಗುವ ಹೊತ್ತಿಗೆ ನನ್ನ ಗಂಡ ತನ್ನ ಎಲೆಯನ್ನು ಎತ್ತಿಕೊಂಡು ಹೊಂಗೆ ಮರದ ಕೆಳಗೆ ಬಂದ. ಮೂರು ಹೊತ್ತು ಉಪವಾಸ ಇದ್ದವನ ಹಾಗೆ ಕಾಣುತ್ತಿದ್ದ.

"ನಂಗ್ಯಾರು ಬಡಿಸ್ತಾರೆ?" ಎಂದ.

"ಮಿಕ್ಕೋರು ಅವರೇ ಬಡಿಸ್ಕೋಬೇಕು. ಈ ಊರಿನ ಕ್ರಮ ಹಂಗೇ" ಎಂದೆ.

ಅವನು ಹೋಗಿ ತಳದಲ್ಲಿದ್ದ ಅನ್ನ ಕೆರೆದು ತಂದ, ಹುಳಿಯ ಗಸಿ ತಂದ, ಸೀದ ಪಾಯಸ ತಂದ. ಕೂತ. ತುತ್ತು ಕಲಸಿದ. ಅವಸರದಲ್ಲಿ ಎಂದಿನಂತೆ ಉಪ್ಪು ಮರೆತಿದ್ದ.

ಉಪ್ಪನ್ನು ಮಾತ್ರ ನಾನು ಬಡಿಸಿದೆ.